ದಿವಾನ್ ಸರ್ ಶೇಷಾದ್ರಿ ಅಯ್ಯರವರೂ ಕಡಲು ದಾಟಿ ಬಂದ ಯಂತ್ರಗಳೂ

ಬೆಂಗಳೂರಿನಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ಹೆಬ್ಬಾಳವನ್ನು ದಾಟಿ ಯಲಹಂಕದ ಕಡೆಗೆ ಸಾಗಿದರೆ ಅಲ್ಲಾಳಸಂದ್ರವೆಂಬ ಊರು ಸಿಕ್ಕುತ್ತದೆ. ಪೂರ್ವಕಾಲದಲ್ಲಿ ಈ ಊರಿನ ಬಾಳುವೆಯೆಲ್ಲ ಕೆರೆಯನ್ನು ನಂಬಿದ್ದಿತು. ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಜಕ್ಕೂರಿನ ಕೆರೆಗೆ ಹೋಗುತ್ತಿತ್ತು; ತುಂಬದಿದ್ದರೆ ಆ ವರ್ಷ ಹೊಲವೂ ಬರಿದು, ಕೊಡವೂ ಬರಿದು. ಹೊತ್ತು ಮುಳುಗಿದ ಮೇಲೆ ಹರಳೆಣ್ಣೆಯ ದೀಪವೋ ಹೊಂಗೆಯೆಣ್ಣೆಯ ದೀಪವೋ ಉರಿಯುವಷ್ಟು ಹೊತ್ತು ಮಾತ್ರ ಮನೆಯಲ್ಲಿ ಬೆಳಕು. ಈ ದಿನ ಅದೇ ಊರಿನ ಹೆಣ್ಣುಮಕ್ಕಳು ಗುಂಡಿಯೊತ್ತಿ ದೀಪ ಹೊತ್ತಿಸಿಕೊಂಡು ಪಾಠ ಓದುತ್ತಾರೆ. ಈ ಬೆಳಕು ನಮ್ಮ ಸೀಮೆಗೆ ಹೇಗೆ ಬಂದಿತು, ಯಾರ ಧೈರ್ಯದಿಂದ ಬಂದಿತು ಎಂಬುದನ್ನು ತಿಳಿಯದೆ ಅದನ್ನು ಅನುಭವಿಸುವುದು ಉಣಿಸಿದವರ ಹೆಸರನ್ನು ಕೇಳದೆ ಊಟಮಾಡಿ ಎದ್ದಂತೆ. ಆದಕಾರಣ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರವರ ಜೀವನವನ್ನು ನಮ್ಮ ಸೋದರಿಯರಿಗೆ ಸಂಗ್ರಹವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ಬಾಲ್ಯವೂ ಉದ್ಯೋಗವೂ

ಶೇಷಾದ್ರಿ ಅಯ್ಯರವರು ೧೮೪೫ನೆಯ ಇಸವಿ ಜೂನ್ ೧ನೆಯ ತಾರೀಖಿನಲ್ಲಿ ಮಲಬಾರಿನ ಪಾಲಘಾಟಿನ ಬಳಿಯ ಕುಮಾರಪುರವೆಂಬ ಗ್ರಾಮದಲ್ಲಿ ಜನಿಸಿದರು. ತಂದೆ ಅನಂತನಾರಾಯಣ ಅಯ್ಯರವರು ಕಲ್ಲಿಕೋಟೆಯಲ್ಲಿ ವಕೀಲಿ ವೃತ್ತಿಯನ್ನು ನಡೆಸುತ್ತಿದ್ದರು. ಬಾಲಕನ ಮೊದಲಿನ ವ್ಯಾಸಂಗವು ಕಲ್ಲಿಕೋಟೆಯಲ್ಲಿ ನಡೆದು, ಉನ್ನತ ವಿದ್ಯಾಭ್ಯಾಸವು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಮುಗಿಯಿತು. ೧೮೬೮ರಲ್ಲಿ ಬಿ.ಎ. ಪದವಿಯನ್ನು ಪಡೆದ ವರ್ಷವೇ ರಂಗಾಚಾರ್ಲುರವರ ಪ್ರೇರಣೆಯಿಂದ ಮೈಸೂರು ಸೀಮೆಗೆ ಬಂದು ಸರ್ಕಾರದ ಕೆಲಸಕ್ಕೆ ಸೇರಿದರು. ಆಗ ಈ ಸೀಮೆಯು ಇಂಗ್ಲಿಷ್ ಕಮಿಷನರರ ಆಡಳಿತದಲ್ಲಿದ್ದಿತು. ಕೆಲಸಮಾಡುತ್ತಲೇ ಕಾನೂನನ್ನು ಓದಿ, ೧೮೭೪ರಲ್ಲಿ ಬಿ.ಎಲ್. ಪರೀಕ್ಷೆಯಲ್ಲಿಯೂ ತೇರ್ಗಡೆಯಾದರು.

ಮುಂದಿನ ಕೆಲವು ವರ್ಷಗಳಲ್ಲಿ ಅವರು ಜಿಲ್ಲೆಗಳಲ್ಲಿ ನಾನಾ ಅಧಿಕಾರಗಳನ್ನು ವಹಿಸಿ, ತುಮಕೂರಿನಲ್ಲಿ ಡೆಪ್ಯುಟಿ ಕಮಿಷನರೂ ಆದರು. ಈ ಅವಧಿಯಲ್ಲಿಯೇ ೧೮೭೬ರಿಂದ ೧೮೭೮ರ ವರೆಗಿನ ಘೋರ ಕ್ಷಾಮವು ಬಂದೆರಗಿತು. ಮಳೆಯೊಂದನ್ನೇ ನಂಬಿದ ನಾಡಿನ ಗತಿ ಏನಾಗುವುದೆಂಬುದನ್ನು ಆ ತಲೆಮಾರಿನ ಅಧಿಕಾರಿಗಳು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಹಾದಿಯ ಎರಡು ಪಕ್ಕದಲ್ಲಿಯೂ ಅದು ಕಣ್ಣಿಗೆ ಬೀಳುತ್ತಿದ್ದಿತು. ಮುಂದೆ ಶೇಷಾದ್ರಿ ಅಯ್ಯರವರು ಕಾಲುವೆ, ಕೆರೆ, ರೈಲು ಎಂದು ಸದಾ ಹಂಬಲಿಸಿದುದಕ್ಕೆ ಈ ಕಾಲವೇ ಹಿನ್ನೆಲೆ.

೧೮೮೧ರಲ್ಲಿ ರಾಜ್ಯವು ಶ್ರೀ ಚಾಮರಾಜೇಂದ್ರ ಒಡೆಯರವರಿಗೆ ಮರಳಿ ಬಂದಿತು. ರಂಗಾಚಾರ್ಲುರವರು ದಿವಾನರಾದರು. ಆದರೆ ಎರಡು ವರ್ಷಗಳೊಳಗಾಗಿ, ೧೮೮೩ರ ಜನವರಿಯಲ್ಲಿ, ಅವರು ಕಾಲವಶರಾದರು. ಆ ಸ್ಥಾನಕ್ಕೆ ಮಹಾರಾಜರು ಶೇಷಾದ್ರಿ ಅಯ್ಯರವರನ್ನು ಆರಿಸಿದರು. ಆಗ ಅವರಿಗೆ ಮೂವತ್ತೇಳು ವರ್ಷ ವಯಸ್ಸು. ಅಂದಿನಿಂದ ೧೯೦೧ರ ಮಾರ್ಚಿಯ ವರೆಗೆ, ಎಂದರೆ ಹದಿನೆಂಟು ವರ್ಷಗಳ ಕಾಲ, ಅವರು ದಿವಾನಗಿರಿಯನ್ನು ನಡೆಸಿದರು. ಮೈಸೂರಿನ ದಿವಾನರಲ್ಲಿ ಇಷ್ಟು ದೀರ್ಘಕಾಲ ಎಡೆಬಿಡದೆ ಆ ಪದವಿಯಲ್ಲಿದ್ದವರು ಮತ್ತೊಬ್ಬರಿಲ್ಲ.

ಬಂದರಿಲ್ಲದ ಸೀಮೆ

ಅವರು ಅಧಿಕಾರಕ್ಕೆ ಬಂದಾಗ ಸಂಸ್ಥಾನಕ್ಕೆ ಇದ್ದ ತೊಡಕುಗಳಲ್ಲಿ ಒಂದನ್ನು ನಾವು ಈಗ ಸುಲಭವಾಗಿ ಮರೆಯುತ್ತೇವೆ. ಮೈಸೂರಿಗೆ ಸ್ವಂತವಾದ ಕಡಲ ತೀರವಿರಲಿಲ್ಲ. ರೈಲಿನ ಹಳಿಯಾಗಲಿ, ಉಗಿಯಂತ್ರವಾಗಲಿ, ನೀರಿನ ದೊಡ್ಡ ಕೊಳವೆಯಾಗಲಿ ಆಗ ನಮ್ಮಲ್ಲಿ ತಯಾರಾಗುತ್ತಿರಲಿಲ್ಲ. ಬೇಕಾದುದೆಲ್ಲ ಹೊರದೇಶದಿಂದ ಹಡಗಿನಲ್ಲಿ ಬಂದು, ಮದರಾಸಿನಲ್ಲಿಯೋ ಬೊಂಬಾಯಿಯಲ್ಲಿಯೋ ಗೋವೆಯ ಮಾರ್ಮಗೋವೆಯಲ್ಲಿಯೋ ಇಳಿದು, ಪರರ ಸೀಮೆಯನ್ನು ಹಾದು ಒಳಕ್ಕೆ ಬರಬೇಕಾಗಿದ್ದಿತು.

೧೮೬೯ರಲ್ಲಿ ಸೂಯೆಜ್ ಕಾಲುವೆಯು ತೆರೆಯುವುದಕ್ಕೆ ಮುಂಚೆ ಹಡಗುಗಳು ಆಫ್ರಿಕಾ ಖಂಡವನ್ನು ಸುತ್ತಿ ಬರುತ್ತಿದ್ದುವು. ಅದಕ್ಕೆ ತಿಂಗಳುಗಟ್ಟಲೆ ಕಾಲ ಹಿಡಿಯುತ್ತಿದ್ದಿತು. ಕಾಲುವೆಯಾದ ಮೇಲೆ ದಾರಿಯೇನೋ ಮೊಟಕಾಯಿತು. ಆದರೆ ಇಳಿಸುವ ಕಷ್ಟ ಉಳಿಯಿತು. ಮದರಾಸಿನ ತೀರವು ಅಲೆಗಳ ಹೊಡೆತಕ್ಕೆ ಹೆಸರಾದುದು. ಬಹುಕಾಲ ಅಲ್ಲಿ ಹಡಗುಗಳು ದೂರದಲ್ಲಿಯೇ ಲಂಗರು ಹಾಕಿ ನಿಲ್ಲುತ್ತಿದ್ದುವು. ಹಲಗೆಗಳನ್ನು ತೆಂಗಿನ ನಾರಿನಿಂದ ಹೊಲಿದ ಮಸೂಲ ದೋಣಿಗಳಲ್ಲಿ ಸರಕನ್ನು ದಡಕ್ಕೆ ತರುತ್ತಿದ್ದರು. ಮೊಳೆ ಹೊಡೆದ ದೋಣಿ ಆ ಅಲೆಗೆ ಒಡೆದುಹೋಗುವುದು, ಹೊಲಿದ ದೋಣಿ ಬಳುಕಿ ಬದುಕುವುದು ಎಂಬುದು ಅಲ್ಲಿಯ ಅಂಬಿಗರು ಕಂಡುಕೊಂಡ ಯುಕ್ತಿ. ಜನರನ್ನೂ ಮೂಟೆಗಳನ್ನೂ ಹೀಗೆ ತರಬಹುದು. ನೂರಾರು ಮಣ ಭಾರದ ಕಬ್ಬಿಣವನ್ನು ತರುವುದು ಪ್ರಾಣಾಂತಿಕ. ಅಲೆಯನ್ನು ತಡೆಯಲೆಂದು ಕಟ್ಟುತ್ತಿದ್ದ ಬಂದರಿನ ಗೋಡೆಗಳನ್ನು ೧೮೮೧ರ ಬಿರುಗಾಳಿಯು ಕೆಡವಿಹಾಕಿತು. ಮತ್ತೆ ಕಟ್ಟಿ ಮುಗಿಸುವ ವೇಳೆಗೆ ಆ ಶತಮಾನವು ಕೊನೆಗೆ ಬಂದಿತ್ತು.

ಇಂಥ ದಾರಿಯಲ್ಲಿ ಯಂತ್ರವನ್ನು ಇಡಿಯಾಗಿ ಕಳುಹಿಸುವುದು ಅಸಾಧ್ಯ. ಕಾರ್ಖಾನೆಯಲ್ಲಿ ಜೋಡಿಸಿ, ನಡೆಸಿ ಪರೀಕ್ಷಿಸಿದ ಬಳಿಕ ಅದನ್ನು ತುಂಡುತುಂಡಾಗಿ ಬಿಚ್ಚಬೇಕು. ಪ್ರತಿಯೊಂದು ತುಂಡಿಗೂ ಅಂಕೆ ಬರೆದು, ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ಕೊಬ್ಬು ಬಳಿದು, ಮರದ ಪೆಟ್ಟಿಗೆಯಲ್ಲಿ ಬಿಗಿಯಬೇಕು. ಬಹು ಭಾರವಾದುದನ್ನು ಹಡಗಿನ ಒಡಲ ತಳದಲ್ಲಿರಿಸಿ, ಅಲುಗದಂತೆ ತೊಲೆಗಳ ಆಧಾರ ಕೊಡಬೇಕು. ಬಿರುಗಾಳಿಯಲ್ಲಿ ಸರಕು ಒಂದು ಪಕ್ಕಕ್ಕೆ ಸರಿದರೆ ಹಡಗೇ ಮಗುಚಿಕೊಳ್ಳುವುದು. ಇನ್ನು ಒಂದು ತುಂಡು ಎಷ್ಟು ಭಾರವಿರಬಹುದೆಂಬುದನ್ನು ಹಡಗು ನಿರ್ಣಯಿಸುವುದಿಲ್ಲ. ಬಂದರಿನ ಕ್ರೇನು, ರೈಲಿನ ಬಂಡಿ, ಹಳ್ಳಿಯ ದಾರಿಯ ಸೇತುವೆ, ಇವುಗಳಲ್ಲಿ ಯಾವುದು ಅತ್ಯಂತ ದುರ್ಬಲವೋ ಅದೇ ನಿರ್ಣಯಿಸುವುದು. ಸಾವಿರಾರು ಮೈಲಿ ಸುಖವಾಗಿ ಬಂದ ಯಂತ್ರವು ಊರ ಮುಂದಿನ ಹಳ್ಳದಲ್ಲಿ ಹೂತುಹೋಗಬಹುದು. ಒಂದು ತಿರುಪು ಕಾಣೆಯಾದರೂ ಕೆಲಸವೆಲ್ಲ ನಿಲ್ಲುವುದು. ಬದಲಿಗೆ ಮತ್ತೊಂದು ಬರಬೇಕಾದರೆ ಮತ್ತೆ ಸಮುದ್ರವನ್ನೇ ದಾಟಬೇಕು.

ರೈಲು, ಚಿನ್ನ, ನೀರು

ಶೇಷಾದ್ರಿ ಅಯ್ಯರವರ ಕಾಲದಲ್ಲಿ ಕಬ್ಬಿಣವು ಹೀಗೆ ಮೂರು ಕಾರ್ಯಗಳಿಗಾಗಿ ಕಡಲು ದಾಟಿ ಬಂದಿತು.

ಮೊದಲನೆಯದು ರೈಲು. ಮದರಾಸಿನಿಂದ ಬೆಂಗಳೂರಿನ ದಂಡಿಗೆ ೧೮೬೪ರಲ್ಲಿಯೇ ರೈಲು ಬಂದಿದ್ದಿತು. ಬೆಂಗಳೂರಿನಿಂದ ಮೈಸೂರಿಗೆ ೧೮೮೨ರಲ್ಲಿ ಮುಗಿಯಿತು. ಹೊಸ ದಿವಾನರು ಈ ಜಾಲವನ್ನು ನಾಲ್ಕು ದಿಕ್ಕಿಗೂ ಬೆಳೆಸಿದರು. ಬೆಂಗಳೂರಿನಿಂದ ಹೊರಟು ಯಲಹಂಕ, ದೊಡ್ಡಬಳ್ಳಾಪುರಗಳ ಮಾರ್ಗವಾಗಿ ಹಿಂದೂಪುರಕ್ಕೆ ಹೋಗುವ ದಾರಿಯು ೧೮೯೩ರ ಹೊತ್ತಿಗೆ ಸಿದ್ಧವಾಯಿತು. ಅಲ್ಲಾಳಸಂದ್ರದ ಕಡೆಯ ರೈತನು ಯಲಹಂಕದ ಸ್ಟೇಷನ್ನಿಗೆ ನಡೆದು ಹೋಗಿ ರೈಲು ಹತ್ತುವಂತಾದುದು ಆಗಲೇ. ಕ್ಷಾಮಕಾಲದಲ್ಲಿ ಧಾನ್ಯವು ಒಂದೆಡೆಯಲ್ಲಿದ್ದು ಹಸಿದವರು ಇನ್ನೊಂದೆಡೆಯಲ್ಲಿದ್ದುದನ್ನು ಕಂಡಿದ್ದವರಿಗೆ ರೈಲೆಂಬುದು ವಿಲಾಸದ ವಸ್ತುವಾಗಿ ತೋರಲಿಲ್ಲ.

ಎರಡನೆಯದು ಕೋಲಾರದ ಚಿನ್ನದ ಗಣಿ. ೧೮೮೦ರಲ್ಲಿ ಅಲ್ಲಿ ಇಂಗ್ಲಿಷ್ ಕಂಪೆನಿಗಳು ಕೆಲಸವನ್ನಾರಂಭಿಸಿದುವು. ಮೊದಲಿಗೆ ಹಾಕಿದ ಹಣವೆಲ್ಲ ಮಣ್ಣುಪಾಲಾಗುವಂತಿದ್ದಿತು; ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯವರು ಕೈಬಿಡದೆ ಇನ್ನಷ್ಟು ಆಳಕ್ಕೆ ಅಗೆದುದರಿಂದ ಚಾಂಪಿಯನ್ ಎಂಬ ಚಿನ್ನದ ಪದರವು ದೊರೆಯಿತು. ಆ ಬಳಿಕ ನೀರೆತ್ತುವ ಯಂತ್ರ, ಅದಿರು ಕುಟ್ಟುವ ಯಂತ್ರ, ಆಳದಿಂದ ಜನರನ್ನು ಮೇಲೆತ್ತುವ ಯಂತ್ರ, ಎಲ್ಲವೂ ಹಡಗೇರಿ ಬಂದುವು. ೧೮೯೪ರಲ್ಲಿ ಬೌರಿಂಗ್‌ಪೇಟೆಯಿಂದ ಗಣಿಗಳಿಗೆ ಕವಲು ರೈಲು ಆಯಿತು. ಆದರೆ ಉಗಿಯಂತ್ರಕ್ಕೆ ಹೊಟ್ಟೆ ದೊಡ್ಡದು. ದೂರದ ಕಲ್ಲಿದ್ದಲು, ಸುತ್ತಲಿನ ಕಾಡಿನ ಸೌದೆ, ಎಷ್ಟು ತಂದು ಸುರಿದರೂ ಸಾಲದಾಯಿತು. ಗಣಿಯ ಲಾಭವು ಹೊಗೆಯಾಗಿ ಹೋಗುತ್ತಿದ್ದುದಲ್ಲದೆ ಕಾಡುಗಳೂ ಬೋಳಾಗುತ್ತಿದ್ದುವು.

ಮೂರನೆಯದು ಬೆಂಗಳೂರಿನ ಕುಡಿಯುವ ನೀರು. ಊರೊಳಗಿನ ಕೆರೆಬಾವಿಗಳು ಬೆಳೆಯುತ್ತಿದ್ದ ಪಟ್ಟಣಕ್ಕೆ ಸಾಲದೆ, ಇದ್ದ ನೀರೂ ಮಲಿನವಾಗಿ ರೋಗಕ್ಕೆ ಕಾರಣವಾಗುತ್ತಿದ್ದುದರಿಂದ, ಅರ್ಕಾವತಿ ನದಿಯ ಹೆಸರಘಟ್ಟದ ಕೆರೆಯನ್ನು ಬಲಪಡಿಸಿ ಅಲ್ಲಿಂದ ನೀರು ತರುವ ಏರ್ಪಾಡನ್ನು ೧೮೯೪ರಲ್ಲಿ ಕೈಗೊಂಡರು. ಕೆರೆಯ ನೀರು ತಾನಾಗಿ ಇಳಿಜಾರಿನಲ್ಲಿ ಸೋಲದೇವನಹಳ್ಳಿಯವರೆಗೆ ಬರುವುದು. ಅಲ್ಲಿಂದ ಉಗಿಯಂತ್ರಗಳು ಅದನ್ನು ಮೇಲಕ್ಕೆ ಒತ್ತಿ ಪಟ್ಟಣದ ಕಡೆಗೆ ಕಳುಹಿಸುವುವು. ೧೮೯೬ರಲ್ಲಿ ಈ ನೀರು ಬೆಂಗಳೂರಿಗೆ ಹರಿಯಿತು. ಇದಕ್ಕೆ ಚಾಮರಾಜೇಂದ್ರ ಜಲಾಶಯವೆಂದು ಹೆಸರಿಟ್ಟರು. ಆದರೆ ಆ ಮಹಾರಾಜರು ಅದನ್ನು ಕಾಣಲಿಲ್ಲ. ಅವರು ೧೮೯೪ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಅಕಾಲಮರಣಕ್ಕೆ ತುತ್ತಾಗಿದ್ದರು.

ಬಾಲಕರಾದ ಶ್ರೀ ಕೃಷ್ಣರಾಜ ಒಡೆಯರವರ ಪರವಾಗಿ ಅವರ ಮಾತೃಶ್ರೀ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ರಾಜ್ಯಭಾರವನ್ನು ವಹಿಸಿದರು. ವೈಧವ್ಯದ ದುಃಖವನ್ನು ನುಂಗಿ ಒಬ್ಬ ಸ್ತ್ರೀಯು ಏಳೆಂಟು ವರ್ಷ ಸಂಸ್ಥಾನವನ್ನು ನಡೆಸಿದರೆಂಬುದನ್ನೂ, ಮುಂದೆ ಹೇಳಲಿರುವ ಮಹಾಕಾರ್ಯವು ಅವರ ಆಳ್ವಿಕೆಯಲ್ಲಿಯೇ ನೆರವೇರಿತೆಂಬುದನ್ನೂ ನಮ್ಮ ಶಾಲೆಯ ಸೋದರಿಯರು ಮರೆಯಬಾರದು. ಅದೇ ೧೮೯೪ರಲ್ಲಿ ಬಾಲ್ಯವಿವಾಹ ನಿರ್ಬಂಧದ ಕಾನೂನೂ ಮೈಸೂರಿನಲ್ಲಿ ಜಾರಿಗೆ ಬಂದಿತು. ಎಂಟು ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಕೂಡದು, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಬಾಲೆಯನ್ನು ವರಿಸಕೂಡದು ಎಂಬುದು ಅದರ ಸಾರ. ಈ ಮಿತಿಯು ಇಂದು ನಮಗೆ ಅತ್ಯಲ್ಪವಾಗಿ ಕಾಣುವುದು. ಅಂದಿನ ಜನರಿಗೆ ಇದೇ ವಿಪರೀತವಾಗಿ ಕಂಡಿತು.

ಶಿವನಸಮುದ್ರ

ಇನ್ನು ಅವರ ಕಡೆಯ ಕಾರ್ಯ. ಶಿವನಸಮುದ್ರದಲ್ಲಿ ಕಾವೇರಿಯು ಎರಡು ಕವಲಾಗಿ ಬಂಡೆಗಳಿಂದ ಧುಮ್ಮಿಕ್ಕುತ್ತದೆ. ಯಾತ್ರಿಕರು ನೋಡಿ ಕೈಮುಗಿಯುತ್ತಿದ್ದ ಆ ಜಲಪಾತದಲ್ಲಿ ಸಾವಿರಾರು ಕುದುರೆಗಳ ಬಲ ಅಡಗಿದೆಯೆಂದೂ ಅದನ್ನು ವಿದ್ಯುತ್ತನ್ನಾಗಿ ಮಾರ್ಪಡಿಸಿ ತಂತಿಯ ಮೂಲಕ ಕೋಲಾರದ ಗಣಿಗಳಿಗೆ ಒಯ್ಯಬಹುದೆಂದೂ ಸಂಸ್ಥಾನದ ಎಂಜಿನಿಯರರಲ್ಲೊಬ್ಬರಾಗಿದ್ದ ಜೋಲಿ ದ ಲೊಟ್‌ಬಿನಿಯರ್ ದೊರೆಯವರು ಸೂಚಿಸಿದರು. ಇವರು ಕೆನಡಾ ದೇಶದವರು. ಸೇನೆಯ ಎಂಜಿನಿಯರರ ಪಡೆಯಿಂದ ಬಂದವರು.

ಈ ಸೂಚನೆಯನ್ನು ಒಪ್ಪುವುದು ಎಷ್ಟು ಸಾಹಸದ ಕೆಲಸವಾಗಿತ್ತೆಂಬುದನ್ನು ಎರಡು ಅಂಕೆಗಳಿಂದ ತಿಳಿಯಬಹುದು. ಜಗತ್ಪ್ರಸಿದ್ಧವಾದ ನಯಾಗರಾ ಜಲಪಾತದಿಂದ ಬಫಲೋ ಪಟ್ಟಣಕ್ಕೆ ವಿದ್ಯುತ್ತು ಹರಿದುದು ೧೮೯೬ರಲ್ಲಿ. ಆ ದೂರ ಮೂವತ್ತು ಮೈಲಿಗೂ ಕಡಮೆ. ಶಿವನಸಮುದ್ರದಿಂದ ಕೋಲಾರದ ಗಣಿಗೆ ದೂರ ೯೨ ಮೈಲಿ. ಅಷ್ಟು ಉದ್ದದ ದಾರಿಯಲ್ಲಿ ಶಕ್ತಿಯು ಸೋರಿಹೋಗದೆ ತಲಪಬೇಕಾದರೆ ಮೂವತ್ತು ಸಾವಿರ ವೋಲ್ಟಿಗೂ ಮೇಲಾದ ಒತ್ತಡ ಬೇಕು. ಇದು ಕೈಗೂಡದಿದ್ದರೆ ಬಡ ರೈತರ ಕಂದಾಯದ ಹಣವು ಕಾವೇರಿಯ ಪಾಲಾಗುವುದು. ಹೊಣೆಯೆಲ್ಲ ದಿವಾನರ ತಲೆಯ ಮೇಲೆ ಬೀಳುವುದು. ಅವರಿಗೆ ಎಂಜಿನಿಯರಿಂಗ್ ವಿದ್ಯೆಯಿಲ್ಲ, ಕಾನೂನು ಬಲ್ಲವರು. ಆದರೆ ತಿಳಿದವನ ಮಾತನ್ನು ಪರೀಕ್ಷಿಸಿ ನಂಬುವ ವಿವೇಕವಿದ್ದಿತು. ನಂಬಿದ ಮೇಲೆ ಹಿಂದೆಗೆಯದ ಗುಣವೂ ಇದ್ದಿತು. ಲೊಟ್‌ಬಿನಿಯರ್ ದೊರೆಯವರನ್ನು ಯೂರೋಪಿಗೂ ಅಮೆರಿಕಕ್ಕೂ ಕಳುಹಿಸಿ, ಅಲ್ಲಿಯ ಪ್ರಯೋಗಗಳನ್ನು ಕಣ್ಣಾರೆ ಕಂಡು ಬರುವಂತೆ ಮಾಡಿದರು. ಕೊಳ್ಳುವವರು ಮೊದಲೇ ಗೊತ್ತಾಗಲೆಂದು ಗಣಿಯ ಕಂಪೆನಿಗಳೊಡನೆ ಒಪ್ಪಂದವನ್ನೂ ಮಾಡಿಕೊಂಡರು. ನೀರು ಚಕ್ರಗಳನ್ನು ತಿರುಗಿಸಿ ಮತ್ತೆ ನದಿಗೇ ಸೇರುವುದರಿಂದ ಕೆಳಗಿನ ಮದರಾಸು ಸೀಮೆಯ ರೈತರಿಗೆ ಹನಿಯಷ್ಟೂ ನಷ್ಟವಿರಲಿಲ್ಲ.

ನೀರಿನ ರಭಸಕ್ಕೆ ತಿರುಗುವ ಜಲಚಕ್ರಗಳನ್ನು ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಎಷರ್ ವೀಸ್ ಕಂಪೆನಿಯವರೂ, ವಿದ್ಯುತ್ ಯಂತ್ರಗಳನ್ನು ಅಮೆರಿಕದ ಸ್ಕೆನೆಕ್ಟಡಿ ಪಟ್ಟಣದ ಜನರಲ್ ಎಲೆಕ್ಟ್ರಿಕ್ ಕಂಪೆನಿಯವರೂ ಒದಗಿಸಿದರು. ಸ್ವಿಟ್ಜರ್ಲೆಂಡೂ ಮೈಸೂರಿನಂತೆಯೇ ಕಡಲಿಲ್ಲದ ನಾಡು. ಅಲ್ಲಿಯ ಚಕ್ರಗಳು ಮೊದಲು ಪರರಾಜ್ಯದ ಬಂದರಿಗೆ ರೈಲಿನಲ್ಲಿ ಹೋಗಿ ಹಡಗೇರಬೇಕು. ಅಮೆರಿಕದ ಯಂತ್ರಗಳು ಅಟ್ಲಾಂಟಿಕ್ ಮಹಾಸಾಗರವನ್ನು ದಾಟಬೇಕು. ಬೇರೆಬೇರೆ ಖಂಡಗಳಲ್ಲಿ ಬೇರೆಬೇರೆ ಕೈಗಳು ಮಾಡಿದ ಎರಡು ಯಂತ್ರಗಳು ಒಂದನ್ನೊಂದು ಎಂದೂ ಕಾಣದೆ ಬಂದು, ಕಾವೇರಿಯ ದಡದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಅಚ್ಚಿಗೆ ಕೂಡಬೇಕಾಗಿದ್ದಿತು. ಇದಕ್ಕೆಲ್ಲ ಕಾಗದದ ಮೇಲಿನ ನಕ್ಷೆಗಳೇ ಆಧಾರ.

ಹಡಗಿನಿಂದಿಳಿದ ಪೆಟ್ಟಿಗೆಗಳು ರೈಲಿನಲ್ಲಿ ಮದ್ದೂರಿನ ಸ್ಟೇಷನ್ನಿಗೆ ಬಂದುವು. ಅಲ್ಲಿಂದ ಮುಂದೆ ಹಳಿಯಿಲ್ಲ. ಮಳವಳ್ಳಿಯ ಮಾರ್ಗವಾಗಿ ಮೂವತ್ತು ಮೈಲಿಯಷ್ಟು ಮಣ್ಣಿನ ದಾರಿ. ಜಗತ್ತಿನ ಅತಿ ನೂತನವಾದ ಯಂತ್ರಗಳನ್ನು ಈ ಕೊನೆಯ ದಾರಿಯಲ್ಲಿ ಮುಂದಕ್ಕೆ ಸಾಗಿಸಿದುವು ಆನೆಗಳೂ ಕುದುರೆ ಬಂಡಿಗಳೂ. ಮುಂದೆ ತಾವು ಯಂತ್ರಕ್ಕೆ ಬಿಟ್ಟುಕೊಡಬೇಕಾದ ಕೆಲಸವನ್ನು ಆ ಮೂಕಪ್ರಾಣಿಗಳು ಅಂದು ತಾವೇ ಹೊತ್ತು ತಂದು ಒಪ್ಪಿಸಿದುವು. ಶಿವನಸಮುದ್ರದ ಕಣಿವೆಯು ಕಾಡು ಸೀಮೆ, ಜ್ವರದ ಸೀಮೆ. ಬಂಡೆಯನ್ನು ಸೀಳಿ ಕಾಲುವೆ ತೆಗೆದವರೂ, ಸುಮಾರು ೪೦೦ ಅಡಿ ಆಳದ ಇಳಿಜಾರಿನಲ್ಲಿ ಉಕ್ಕಿನ ಕೊಳವೆಗಳನ್ನು ಹಗ್ಗ ಕಟ್ಟಿ ಇಳಿಸಿದವರೂ, ತಾಮ್ರದ ತಂತಿಯನ್ನು ಹಳ್ಳಕೊಳ್ಳಗಳ ಮೇಲೆ ಎಳೆದವರೂ ಕೂಲಿಯ ಜನ. ಅವರ ಹೆಸರುಗಳನ್ನು ಯಾವ ಕಲ್ಲೂ ಹೇಳುವುದಿಲ್ಲ. ಆದರೂ ಸುಮಾರು ಎರಡು ವರ್ಷಗಳಲ್ಲಿ ಕೆಲಸವು ಮುಗಿಯಿತು.

ಅಂತ್ಯವೂ ಫಲವೂ

ಆದರೆ ದಿವಾನರ ದೇಹವು ಅಷ್ಟರವರೆಗೆ ಕಾಯಲಿಲ್ಲ. ಹದಿನೆಂಟು ವರ್ಷಗಳ ಎಡೆಬಿಡದ ದುಡಿಮೆಯಿಂದ ಆರೋಗ್ಯವು ಕೆಟ್ಟು, ೧೯೦೧ರ ಮಾರ್ಚಿಯಲ್ಲಿ ಅವರು ಅಧಿಕಾರವನ್ನು ಬಿಟ್ಟರು. ಅದೇ ವರ್ಷ ಸೆಪ್ಟೆಂಬರ್ ೧೩ನೆಯ ತಾರೀಖು ಪರಲೋಕವನ್ನೈದಿದರು. ೧೯೦೨ನೆಯ ಇಸವಿ ಜೂನ್ ೩೦ರಂದು ಶಿವನಸಮುದ್ರದ ಚಕ್ರಗಳು ತಿರುಗಿ, ಅಷ್ಟು ದೂರದ ಕೋಲಾರದ ಗಣಿಯಲ್ಲಿ ಯಂತ್ರಗಳು ಚಲಿಸಿದುವು. ಅಷ್ಟು ಉದ್ದವಾದ ವಿದ್ಯುತ್ ದಾರಿ ಅಂದಿಗೆ ಪ್ರಪಂಚದಲ್ಲಿ ಅಪೂರ್ವ. ಇದಕ್ಕಾಗಿ ಅಪವಾದವನ್ನು ಎದುರಿಸಲು ಸಿದ್ಧರಾಗಿದ್ದವರು ಆ ಸಂತೋಷವಾರ್ತೆಯನ್ನು ಕೇಳುವುದಕ್ಕೆ ಒಂಬತ್ತು ತಿಂಗಳು ಮುಂಚೆಯೇ ಕಣ್ಣುಮುಚ್ಚಿದ್ದರು. ಅವರು ೧೮೯೮ರಲ್ಲಿ ಪ್ರಾರಂಭಿಸಿದ್ದ ಮಾರಿಕಣಿವೆಯ ಅಣೆಕಟ್ಟೂ ಹಾಗೆಯೇ ೧೯೦೭ರಲ್ಲಿ ಮುಗಿದು ವಾಣೀವಿಲಾಸ ಸಾಗರವೆನಿಸಿತು.

ಅವರನ್ನು ದೋಷವಿಲ್ಲದವರೆಂದು ಹೊಗಳುವುದು ಸತ್ಯಕ್ಕೆ ಒಪ್ಪುವುದಿಲ್ಲ. ಅಧಿಕಾರವನ್ನೆಲ್ಲ ತಮ್ಮ ಕೈಯಲ್ಲಿಯೇ ಇರಿಸಿಕೊಳ್ಳುವರೆಂದೂ, ಪ್ರಜಾಪ್ರತಿನಿಧಿ ಸಭೆಯ ಮಾತಿಗೆ ಸಾಕಷ್ಟು ಕಿವಿಗೊಡರೆಂದೂ, ಮದರಾಸಿನ ಕಡೆಯವರಿಗೆ ಹೆಚ್ಚು ಉದ್ಯೋಗಗಳನ್ನು ಕೊಡುವರೆಂದೂ ಅಂದಿನ ಮೈಸೂರಿನವರು ಬಹಿರಂಗವಾಗಿ ಆಕ್ಷೇಪಿಸಿದರು. ಇನ್ನೊಂದನ್ನೂ ಹೇಳಬೇಕು. ಕಾವೇರಿಯ ವಿದ್ಯುತ್ತು ಮೊದಲು ಹೋದುದು ಪರದೇಶದ ಪಾಲುಗಾರರ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದುದು ೧೯೦೫ರಲ್ಲಿ, ಮೈಸೂರಿಗೆ ೧೯೦೮ರಲ್ಲಿ. ತಂತಿಯ ಕೆಳಗೇ ಇದ್ದ ಹಳ್ಳಿಗಳು ಬಹುಕಾಲ ಕತ್ತಲೆಯಲ್ಲಿಯೇ ಉಳಿದುವು. ಆದರೆ ಗಣಿಯವರು ಕೊಟ್ಟ ಹಣದಿಂದಲೇ ಆ ಕಾರ್ಯವು ನಷ್ಟವಿಲ್ಲದೆ ನಿಂತಿತು. ನಿಂತುದರಿಂದಲೇ ಬೆಳಕು ಪಟ್ಟಣಕ್ಕೂ ಕಾಲಕ್ರಮದಲ್ಲಿ ಹಳ್ಳಿಗೂ ಹರಿಯಿತು. ಈ ಎರಡು ಮಾತುಗಳೂ ನಿಜ; ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ನ್ಯಾಯವಲ್ಲ.

ಕೋಲಾರದ ಗಣಿಗಳು ೨೦೦೧ರಲ್ಲಿ ಮುಚ್ಚಿದುವು. ಹೆಸರಘಟ್ಟದ ನೀರನ್ನು ನಂಬಿ ಬೆಂಗಳೂರು ಬದುಕುವ ಕಾಲವೂ ಹೋಯಿತು. ಈಗ ನಗರಕ್ಕೆ ಬರುವ ಕಾವೇರಿಯ ನೀರನ್ನು ಅದೇ ಶಿವನಸಮುದ್ರದ ಬಳಿಯಿಂದ ವಿದ್ಯುತ್ತಿನ ಬಲದಿಂದಲೇ ಮೇಲೆತ್ತಿ ತರುತ್ತಾರೆ. ಶೇಷಾದ್ರಿಪುರವು ಅವರ ಹೆಸರನ್ನು ಹೊತ್ತಿದೆ. ಕಬ್ಬನ್ ಉದ್ಯಾನದಲ್ಲಿ ೧೯೧೩ರಲ್ಲಿ ಸ್ಥಾಪಿತವಾದ ಅವರ ಪ್ರತಿಮೆಯೂ, ಅದರ ಸಮೀಪದಲ್ಲಿ ಅವರ ಸ್ಮಾರಕವಾಗಿ ಕಟ್ಟಿದ ಗ್ರಂಥಾಲಯವೂ ನಿಂತಿವೆ.

ಪ್ರಿಯ ಸೋದರಿಯರೇ, ಈ ಜೀವನದಿಂದ ನಾವು ಕಲಿಯತಕ್ಕದ್ದು ಇಷ್ಟು. ದೊಡ್ಡ ಕಾರ್ಯವನ್ನು ಮಾಡಬೇಕೆಂಬವನು ಎಲ್ಲ ವಿದ್ಯೆಯನ್ನೂ ತಾನೇ ಬಲ್ಲವನಾಗಿರಬೇಕಾಗಿಲ್ಲ. ಬಲ್ಲವರನ್ನು ಗುರುತಿಸಿ ಅವರ ಬೆನ್ನಿಗೆ ನಿಲ್ಲಬೇಕು. ಭಾರವಾದುದನ್ನು ಇಡಿಯಾಗಿ ಎತ್ತಲಾಗದಿದ್ದರೆ ಬಿಡಿಬಿಡಿಯಾಗಿ, ಕ್ರಮವನ್ನು ಮರೆಯದೆ, ಸಾಗಿಸಬೇಕು. ಫಲವನ್ನು ತಾನೇ ಉಣ್ಣುವೆನೆಂಬ ನಿಶ್ಚಯವಿಲ್ಲದಿದ್ದರೂ ಸಸಿಯನ್ನು ನೆಡಬೇಕು. ಪರೀಕ್ಷೆಯ ದಿನಗಳಲ್ಲಿ ದೀಪದ ಮುಂದೆ ಕುಳಿತು ಓದುವಾಗ, ಆ ದೀಪವನ್ನು ನಮಗಾಗಿ ತರಿಸಿ ತಾವು ಅದನ್ನು ಕಾಣದೆ ಹೋದವರೊಬ್ಬರಿದ್ದರೆಂಬುದನ್ನು ನೆನೆಯೋಣ. ನಮ್ಮ ಕೈಯಿಂದಲೂ ಮುಂದಿನವರಿಗೆ ಏನಾದರೊಂದು ಉಳಿಯುವಂತೆ ಬಾಳೋಣ.